ಕ್ಯೂ ಗಾರ್ಡನ್ಸ್‌ನಲ್ಲಿ ನಾಲ್ಕು ದಿನ

ಮಗಳು ಲಂಡನ್ನಿನ ಈಲಿಂಗಲ್ಲಿ ಮನೆ ಮಾಡಿ ಮೂರು ವರ್ಷ ಆಯ್ತು, ಬನ್ನಿ ಅಪ್ಪಾ ಬನ್ನಿ ಅಪ್ಪಾ ಅಂತ ಪ್ರತಿ ಭಾನುವಾರ ಫೋನಲ್ಲಿ ಕರೀತಾನೇ ಇದ್ಲು, ಸಿದ್ದಾಪುರದ ನರ್ಸರಿ ಬಿಟ್ಟು ಬರೋದು ಹೆಂಗೆ ಅಂತ ನಾನು ಮುಂದಕ್ಕೆ ಹಾಕ್ಕೊಂಡೇ ಬಂದಿದ್ದೆ. ಈ ಸಲ ತಮ್ಮನ ಮಗ "ದೊಡ್ಡಪ್ಪ, ಒಂದು ತಿಂಗಳು ನಾನ್ ನೋಡ್ಕೋತೀನಿ, ನೀವು ದೊಡ್ಡಮ್ಮನ್ನ ಕರ್ಕೊಂಡು ಹೋಗ್ಬನ್ನಿ" ಅಂದ, ಸರಿ ಅಂತ ಜುಲೈಯಲ್ಲಿ ಹೊರಟ್ವಿ. ಲಂಡನ್ನಿನ ಬ್ರಿಡ್ಜು, ಅರಮನೆ, ದೊಡ್ಡ ಗಡಿಯಾರ ಎಲ್ಲಾ ಅಳಿಯಂದ್ರು ಶನಿವಾರ ಭಾನುವಾರ ತೋರಿಸಿದ್ರು, ಚೆನ್ನಾಗಿತ್ತು, ಅದನ್ನ ಬರೆಯೋಕೆ ಬೇಕಾದಷ್ಟು ಜನ ಇದಾರೆ. ನಾನು ಬರೀಬೇಕು ಅಂತ ಕೂತಿರೋದು ಅಲ್ಲಿನ ದೊಡ್ಡ ಸಸ್ಯತೋಟ ಕ್ಯೂ ಗಾರ್ಡನ್ಸ್ ಬಗ್ಗೆ.

ಯಾಕೆ ಅಂದ್ರೆ ನಮ್ಮ ಮನೆ ಊಟ ಲಾಲ್‌ಬಾಗಿಂದ ಬಂದಿದ್ದು. ತಾತ ಅಲ್ಲಿ ಕೂಲಿಗೆ ಹೋಗ್ತಿದ್ರು, ಅದು ಲಾಲ್‌ಬಾಗ್ ನೋಡ್ಕೊಳ್ತಿದ್ದ ಕೃಂಬಿಗಲ್ ಸಾಹೇಬ್ರ ಕಾಲ. ಅಪ್ಪ ಕಾಂಪೌಂಡ್ ಆಚೆ ಸಿದ್ದಾಪುರದಲ್ಲಿ ನಾಲ್ಕು ಪಾತಿ ಮಾಡ್ಕೊಂಡು ಗಿಡ ಮಾರೋಕೆ ಶುರು ಮಾಡಿದ್ರು, ಈಗ ನಾನು. ಆ ಕೃಂಬಿಗಲ್, ಅವರಿಗಿಂತ ಮುಂಚೆ ಇದ್ದ ಜಾನ್ ಕ್ಯಾಮರಾನ್, ಅದಕ್ಕೂ ಮುಂಚೆ 1858ರಲ್ಲಿ ಬಂದ ವಿಲಿಯಂ ನ್ಯೂ, ಮೂರು ಜನಾನೂ ಕ್ಯೂನಲ್ಲಿ ಕೆಲಸ ಕಲಿತೋರು. ಅವರು ಕಲಿತ ಜಾಗ ಹೆಂಗಿದೆ ಅಂತ ನೋಡೋ ಆಸೆ ಬಹಳ ವರ್ಷದ್ದು. ಮಗಳಿಗೆ ಅದು ಗೊತ್ತು, ನಾವು ಬರೋ ಮುಂಚೇನೇ ನಮ್ಮಿಬ್ಬರಿಗೂ ಮೆಂಬರ್‌ಶಿಪ್ ಮಾಡ್ಸಿ ಇಟ್ಟಿದ್ಲು.

ಮೊದಲನೇ ದಿನ, ಮಂಗಳವಾರ

ಈಲಿಂಗಿಂದ 65ನೇ ನಂಬರ್ ಬಸ್ಸು, ಬದಲಾಯಿಸೋ ಹಾಗಿಲ್ಲ. ಡಬಲ್ ಡೆಕರ್, ಮೇಲೆ ಮುಂದಿನ ಸೀಟು ಸಿಕ್ತು, ನಮ್ಮನೆಯವಳು ಚಿತ್ರಾನ್ನದ ಡಬ್ಬಿ ತೊಡೆ ಮೇಲೆ ಇಟ್ಕೊಂಡು ಕೂತ್ಲು. ಥೇಮ್ಸ್ ನದಿ ದಾಟಿದ ಮೇಲೆ ಒಂದು ಉದ್ದದ ಇಟ್ಟಿಗೆ ಗೋಡೆ ಶುರುವಾಗತ್ತೆ, ಅದೇ ತೋಟ. ವಿಕ್ಟೋರಿಯಾ ಗೇಟಲ್ಲಿ ಇಳಿದ್ವಿ. ಮೋಡ ಮುಚ್ಚಿಕೊಂಡು ಥಂಡಿ, ಜುಲೈ ಅಂದ್ರೆ ಅವರಿಗೆ ಬೇಸಿಗೆ ಅಂತೆ, ನಾನು ಸ್ವೆಟರ್ ಹಾಕ್ಕೊಂಡಿದ್ದೆ.

ಈ ತೋಟ ಶುರುವಾಗಿದ್ದು 1759ರಲ್ಲಿ, ರಾಜಕುಮಾರಿ ಆಗಸ್ಟಾ ಅರಮನೆ ಜಾಗದಲ್ಲಿ ಒಂದು ಚಿಕ್ಕ ಸಸ್ಯತೋಟ ಮಾಡ್ಸಿದ್ದು. ಹೈದರಾಲಿ ಲಾಲ್‌ಬಾಗ್ ಶುರು ಮಾಡಿಸಿದ್ದು 1760. ಒಂದೇ ವರ್ಷದ ವ್ಯತ್ಯಾಸ! ಅಲ್ಲಿಗೂ ಇಲ್ಲಿಗೂ ಆಗ ಏನೂ ಸಂಬಂಧ ಇಲ್ಲ, ಆದ್ರೂ ಎರಡು ತೋಟ ಒಂದೇ ವಾರಿಗೆಯವು ಅಂತ ತಿಳ್ಕೊಂಡಾಗ ನನಗೆ ಮೈ ಜುಂ ಅಂತು. 1840ರಲ್ಲಿ ಇದು ರಾಜಮನೆತನದಿಂದ ಸರ್ಕಾರದ ಕೈಗೆ ಬಂತು, ಆಮೇಲೆ ಜನಕ್ಕೆ ಬಾಗಿಲು ತೆರೀತು. ಈಗ 300 ಎಕರೆಗೂ ಜಾಸ್ತಿ ಇದೆ, ನಮ್ಮ ಲಾಲ್‌ಬಾಗ್ 240.

ನೇರ ಪಾಮ್ ಹೌಸ್ ಅನ್ನೋ ಗಾಜಿನ ಮನೆಗೆ ಹೋದ್ವಿ. ದೂರದಿಂದ ನೋಡಿದ್ರೆ ಕೊಳದ ದಡದಲ್ಲಿ ಒಂದು ದೊಡ್ಡ ಹಡಗು ಮಗುಚಿ ಹಾಕಿದ ಹಾಗೆ ಕಾಣತ್ತೆ, ಹಂಗೆ ಕಾಣೋದಕ್ಕೆ ಕಾರಣಾನೂ ಇದೆ, ಹಡಗು ಕಟ್ಟೋಕೆ ಬಳಸೋ ಕಬ್ಬಿಣದ ಕೆಲಸಾನೇ ಇಲ್ಲಿ ಬಳಸಿದ್ದು. 1844ರಿಂದ 1848ರ ತನಕ ಕಟ್ಟಿದ್ರು, ನಕ್ಷೆ ಡೆಸಿಮಸ್ ಬರ್ಟನ್ ಅವರದ್ದು, ಕಬ್ಬಿಣದ ಕೆಲಸ ರಿಚರ್ಡ್ ಟರ್ನರ್ ಅವರದ್ದು. ಸುಮಾರು 110 ಮೀಟರ್ ಉದ್ದ, 16,000 ಗಾಜು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟಿದ್ದೇ ತಡ ಕನ್ನಡಕ ಪೂರ್ತಿ ಮಂಜು, ಏನೂ ಕಾಣ್ಲಿಲ್ಲ, ಆದ್ರೆ ವಾಸನೆ ಬಂತು. ಮಳೆ ನಿಂತ ಮೇಲೆ ಅಡಿಕೆ ತೋಟದಲ್ಲಿ ಬರೋ ವಾಸನೆ, ಒದ್ದೆ ಮಣ್ಣು, ಕೊಳೆತ ಎಲೆ, ಹಸಿರು. ನಮ್ಮನೆಯವಳು ಸಾಗರದ ಕಡೆಯವಳು, "ರೀ, ನಮ್ಮ ಅಪ್ಪನ ಮನೆ ಹಿತ್ತಲು ಇದು" ಅಂದ್ಲು, ನಾನು ಕನ್ನಡಕ ಒರೆಸ್ಕೊಂಡು ತಿರುಗಿ ನೋಡೋವಷ್ಟರಲ್ಲಿ ಅವಳ ಕಣ್ಣೂ ಒದ್ದೆ ಆಗಿತ್ತು.

ಒಂದು ಕಡೆ ಆಫ್ರಿಕಾ ಗಿಡಗಳು, ನಡುವೆ ಅಮೆರಿಕಾ ಖಂಡದ್ದು, ಆಚೆ ಕಡೆ ನಮ್ಮ ಏಷ್ಯಾದ್ದು. ಕಾಫಿ, ಕೋಕೋ, ಬಾಳೆ, ಹಲಸು, ಮೆಣಸಿನ ಬಳ್ಳಿ. ಮೆಣಸಿನ ಬಳ್ಳಿ ಮುಂದೆ ಶಾಲೆ ಮಕ್ಕಳನ್ನ ನಿಲ್ಲಿಸಿ ಟೀಚರ್ ಒಬ್ರು ಇದಕ್ಕೋಸ್ಕರ ಹಡಗುಗಳು ಪ್ರಪಂಚ ಸುತ್ತಿದವು ಅಂತ ಹೇಳ್ತಿದ್ರು, ಮಕ್ಕಳು ಬಾಯಿ ಬಿಟ್ಕೊಂಡು ಕೇಳ್ತಿದ್ರು. ನಮ್ಮಲ್ಲಿ ಹಿತ್ತಲಿನ ಮರಕ್ಕೆ ಹಬ್ಬಿಸಿ ಬಿಟ್ರೆ ಅದರ ಪಾಡಿಗೆ ಅದು ಬೆಳೆಯೋ ಬಳ್ಳಿ, ಇಲ್ಲಿ ಅದಕ್ಕೆ ವರ್ಷಪೂರ್ತಿ ಬಿಸಿ ಗಾಳಿ ಕೊಡಬೇಕು, ಹನಿ ಹನಿ ಮಂಜು ಸಿಂಪಡಿಸಬೇಕು, ಒಂದು ಚಳಿಗಾಲದ ರಾತ್ರಿ ಹೀಟಿಂಗ್ ಕೈ ಕೊಟ್ರೆ ಮುಗೀತು. ಮೊದಲು ನೆಲಮಾಳಿಗೆಯಲ್ಲಿ ಬಾಯ್ಲರ್ ಉರಿಸಿ ಬಿಸಿ ಮಾಡ್ತಿದ್ರಂತೆ, ಹೊಗೆ ಗಿಡದ ಹತ್ರ ಬರಬಾರದು ಅಂತ ನೆಲದೊಳಗೆ ಸುರಂಗ ತೋಡಿ ದೂರದಲ್ಲಿ ಒಂದು ಗೋಪುರ ಕಟ್ಟಿ ಅದರಿಂದ ಬಿಟ್ರು. ನಾವು ಬಂದ ಗೇಟಿನ ಹತ್ರ ಗುಡಿ ಗೋಪುರದ ಥರ ಕಂಡಿದ್ದು ಆ ಚಿಮಣಿನೇ.

ಇಲ್ಲಿ ಒಂದು ಗಿಡದ ಮುಂದೆ ನಾನು ಅರ್ಧ ಗಂಟೆ ನಿಂತೆ. ನೋಡೋಕೆ ತಾಳೆ ಥರ ಇರೋ ಸೈಕಸ್ ಗಿಡದ ಬಂಧು, ದಕ್ಷಿಣ ಆಫ್ರಿಕಾದಿಂದ ಫ್ರಾನ್ಸಿಸ್ ಮ್ಯಾಸನ್ ಅನ್ನೋರು 1775ರಲ್ಲಿ ತಂದಿದ್ದು. ಹೈದರಾಲಿ ಇನ್ನೂ ಬದುಕಿದ್ದ ಕಾಲ ಅದು. ಇನ್ನೂ ಕುಂಡದಲ್ಲೇ ಇದೆ! ದೊಡ್ಡ ಮರದ ಪೆಟ್ಟಿಗೆ ಥರದ ಕುಂಡ, ಕಾಂಡ ಒಂದು ಕಡೆ ವಾಲಿಕೊಂಡು ಹೋಗಿದೆ, ಕೆಳಗಿಂದ ಊರುಗೋಲು ಕೊಟ್ಟು ನಿಲ್ಲಿಸಿದಾರೆ, ತುದಿಯಲ್ಲಿ ಮಾತ್ರ ಹೊಸ ಎಲೆಗಳು ಹಚ್ಚಗೆ ಇವೆ. ಪ್ರಪಂಚದಲ್ಲೇ ಅತಿ ಹಳೇ ಕುಂಡದ ಗಿಡ ಅಂತ ಹೇಳ್ತಾರೆ. ಕಾಂಡದ ಮೇಲೆ ಹಳೇ ಎಲೆ ಉದುರಿದ ಗುರುತು ಒಂದರ ಪಕ್ಕ ಒಂದು, ಮೀನಿನ ಹುರುಪೆ ಥರ, ಬುಡದಿಂದ ತುದಿ ತನಕ. ಗಿಡ ಮಾರೋನಿಗೆ ಗೊತ್ತು, ಕುಂಡದ ಗಿಡ ಹತ್ತು ವರ್ಷ ಬಾಳಿದ್ರೇ ದೊಡ್ಡದು. ಕುಂಡ ಬದಲಾಯಿಸುವಾಗ ಬೇರು ಏಟು ತಿನ್ನತ್ತೆ, ಒಬ್ಬ ಕೆಲಸದವನು ಊರಿಗೆ ಹೋಗಿ ಇನ್ನೊಬ್ಬ ಬಂದಾಗ ನೀರು ಹೆಚ್ಚುಕಮ್ಮಿ ಆಗತ್ತೆ. ಇಲ್ಲಿ 250 ವರ್ಷ, ಎಷ್ಟು ತಲೆಮಾರಿನ ಮಾಲಿಗಳು ಕೈಯಿಂದ ಕೈಗೆ ದಾಟಿಸಿರಬೇಕು, ಒಬ್ಬರೂ ಮರೀಲಿಲ್ಲ. ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. ಪಕ್ಕದಲ್ಲಿದ್ದ ಅಜ್ಜಿ ಒಬ್ರು ನೋಡಿ ತಲೆ ಆಡಿಸಿ ನಕ್ರು, ಅವರಿಗೆ ಅರ್ಥ ಆಯ್ತು ಅನ್ಸತ್ತೆ.

ಸುರುಳಿ ಮೆಟ್ಟಿಲು ಹತ್ತಿ ಮೇಲೆ ಹೋದ್ರೆ ಗಾಜಿನ ಛಾವಣಿ ಹತ್ರ ಓಡಾಡೋ ಜಾಗ ಇದೆ, ಅಲ್ಲಿಂದ ಕೆಳಗೆ ನೋಡಿದ್ರೆ ಬರೀ ಎಲೆ. ಸೆಕೆ ತಡೆಯೋಕಾಗ್ದೆ ಇಳಿದು ಹೊರಗೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದ್ವಿ. ತಲೆ ಮೇಲೆ ಹೀಥ್ರೋಗೆ ಇಳಿಯೋ ವಿಮಾನ ಒಂದರ ಹಿಂದೆ ಒಂದು, ಹೊಟ್ಟೆ ಕಾಣೋಷ್ಟು ಕೆಳಗೆ.

ಎರಡನೇ ದಿನ, ಬುಧವಾರ

ಬೆಳಗ್ಗೆಯಿಂದ ಜಿಟಿ ಜಿಟಿ ಮಳೆ. ಮಗಳು ಇವತ್ತು ಬೇಡ ಅಂದ್ಲು, ಮಳೆಗೆ ಗಾಜಿನ ಮನೆಗಿಂತ ಒಳ್ಳೆ ಜಾಗ ಎಲ್ಲಿದೆ ಅಂತ ಹೊರಟೇ ಬಿಟ್ವಿ.

ವಾಟರ್‌ಲಿಲಿ ಹೌಸ್ ಚಿಕ್ಕದು, ಚೌಕ ಕಟ್ಟಡ, ಒಳಗೆ ದುಂಡನೆ ಕೊಳ. 1852ರಲ್ಲಿ ಇದನ್ನ ಕಟ್ಟಿದ್ದೇ ಅಮೆಜಾನಿಂದ ಬಂದ ದೊಡ್ಡ ತಾವರೆಗೋಸ್ಕರ. ಎಲೆ ಅಂದ್ರೆ ನಮ್ಮ ಮದುವೆ ಮನೆಯ ದೊಡ್ಡ ಹರಿವಾಣ ನಾಲ್ಕೈದು ಜೋಡಿಸಿದ ಹಾಗೆ, ಅಂಚು ಮೇಲಕ್ಕೆ ಮಡಿಸಿಕೊಂಡಿರತ್ತೆ. ಒಂದು ಎಲೆ ಅಂಚು ಸ್ವಲ್ಪ ಮೇಲೆದ್ದಿತ್ತು, ಅಡಿಭಾಗ ಕಾಣ್ತು, ಕೆನ್ನೇರಳೆ ಬಣ್ಣ, ಬೆರಳು ದಪ್ಪದ ನರಗಳು ಬಲೆ ಥರ ಹೆಣೆದುಕೊಂಡು ತುಂಬಾ ಮುಳ್ಳು. ಆ ಹೆಣಿಗೆಯಿಂದಾನೇ ಎಲೆ ಅಷ್ಟು ಭಾರ ಹೊರೋದು. ಹೂವು ಮೊದಲ ರಾತ್ರಿ ಬೆಳ್ಳಗೆ ಅರಳಿ ಎರಡನೇ ರಾತ್ರಿ ಗುಲಾಬಿ ಬಣ್ಣಕ್ಕೆ ತಿರುಗತ್ತೆ, ನಾವು ಹೋದಾಗ ಒಂದು ಮೊಗ್ಗು ಇತ್ತು ಅಷ್ಟೆ.

ಇದರಲ್ಲಿ ಎರಡೇ ಜಾತಿ ಅಂತ ಪುಸ್ತಕದಲ್ಲಿತ್ತು. ಇಲ್ಲಿ ಕೆಲಸ ಮಾಡೋ ಕಾರ್ಲೋಸ್ ಮ್ಯಾಗ್ಡಲೇನಾ ಅನ್ನೋರಿಗೆ ಬೊಲಿವಿಯಾದ ಗಿಡ ಬೇರೆ ಥರ ಇದೆ ಅಂತ ಅನುಮಾನ ಇತ್ತು, 2016ರಲ್ಲಿ ಅಲ್ಲಿಂದ ಬೀಜ ತರಿಸಿ ಮೂರನ್ನೂ ಪಕ್ಕಪಕ್ಕ ಬೆಳೆಸಿ ನೋಡಿದ್ರು. ಹೌದು, ಬೇರೆಯದೇ. 2022ರಲ್ಲಿ ಹೊಸ ಜಾತಿ ಅಂತ ಹೆಸರಿಟ್ರು, ವಿಕ್ಟೋರಿಯಾ ಬೊಲಿವಿಯಾನಾ, ಎಲೆ ಮೂರು ಮೀಟರ್ ಅಗಲ ಬೆಳೆಯತ್ತೆ. ಅದರ ಒಣಗಿಸಿದ ಮಾದರಿ ಇದೇ ಕ್ಯೂನ ಬೀರುವಿನಲ್ಲಿ 177 ವರ್ಷ ಬೇರೆ ಹೆಸರಲ್ಲಿ ಇತ್ತು. ಈ ಕಥೆ ಓದಿದಾಗಿಂದ ನನಗೆ ಖುಷಿಯೋ ಖುಷಿ. ಕಾಗದದ ಮೇಲೆ ಅಂಟಿಸಿದ್ದರಲ್ಲಿ ಕಾಣದೇ ಇದ್ದಿದ್ದು ದಿನಾ ನೀರು ಹಾಕಿ ಬೆಳೆಸಿದೋನ ಕಣ್ಣಿಗೆ ಕಂಡ್ತು ನೋಡಿ.

ಆಮೇಲೆ ಪ್ರಿನ್ಸೆಸ್ ಆಫ್ ವೇಲ್ಸ್ ಕನ್ಸರ್ವೇಟರಿ. ಇದು ಹೊಸದು, 1987ರದ್ದು, ಅರ್ಧ ನೆಲದೊಳಗೆ ಹೂತ ಹಾಗಿದೆ, ಒಂದೇ ಸೂರಿನ ಕೆಳಗೆ 10 ಥರ ಹವೆ. ಒಂದು ಬಾಗಿಲು ದಾಟಿದ್ರೆ ಮರುಭೂಮಿ, ಕಳ್ಳಿ ಗಿಡ, ಇನ್ನೊಂದು ಬಾಗಿಲು ದಾಟಿದ್ರೆ ಆಗುಂಬೆ.

ಆರ್ಕಿಡ್ ಹತ್ರ ಒಬ್ಬ ಹುಡುಗಿ ನೀರು ಹಾಕ್ತಿದ್ಲು, ಟ್ರೈನಿ ಅಂತೆ, ಇಪ್ಪತ್ತೈದರ ಒಳಗಿನ ವಯಸ್ಸು. ಅವಳು ಪೈಪ್ ಹಿಡಿದು ಎಲ್ಲದಕ್ಕೂ ಒಂದೇ ಸಮ ಬಿಟ್ಕೊಂಡು ಹೋಗ್ತಿರಲಿಲ್ಲ. ಪ್ರತಿ ಕುಂಡ ಎರಡು ಬೆರಳಲ್ಲಿ ಸ್ವಲ್ಪ ಎತ್ತೋಳು, ತೂಕ ನೋಡೋಳು, ಇದಕ್ಕೆ ಬೇಕು ಅಂದ್ರೆ ಹಾಕೋಳು, ಇಲ್ಲಾಂದ್ರೆ ಹಾಗೇ ಇಡೋಳು. ನಾನು ತಡೀಲಾರದೆ ಹೋಗಿ ನನಗೆ ಬರೋ ಇಂಗ್ಲಿಷಲ್ಲಿ ಮಾತಾಡಿಸಿದೆ, ನಾನೂ ನರ್ಸರಿಯವನು, ನಮ್ಮ ಅಪ್ಪ ಮಣ್ಣಿನ ಕುಂಡ ಬೆರಳ ಗೆಣ್ಣಲ್ಲಿ ತಟ್ಟಿ ನೋಡ್ತಿದ್ರು, ಟಣ್ ಅಂದ್ರೆ ಒಣಗಿದೆ, ಡಬ್ ಅಂದ್ರೆ ನೀರಿದೆ ಅಂದೆ. ಅವಳ ಮುಖ ಅರಳ್ತು. ಇಲ್ಲೂ ಹಿಂದೆ ಹಂಗೇ ತಟ್ಟಿ ನೋಡ್ತಿದ್ರಂತೆ, ಅದಕ್ಕೆ ಅಂತಾನೇ ತುದಿಗೆ ಮರದ ಗುಂಡು ಸಿಕ್ಕಿಸಿದ ಕೋಲು ಇಟ್ಕೋತಿದ್ರಂತೆ, ಈಗ ಪ್ಲಾಸ್ಟಿಕ್ ಕುಂಡ ಬಂದ ಮೇಲೆ ಶಬ್ದ ಬರಲ್ಲ, ಅದಕ್ಕೇ ಎತ್ತಿ ನೋಡೋದು ಅಂದ್ಲು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಅವರ ಬೆರಳ ವಿದ್ಯೆ ಇಷ್ಟು ದೂರದಲ್ಲಿ ಗೊತ್ತಿರೋರು ಸಿಗ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ. ತಾತ ಕಲಿತಿದ್ದು ಲಾಲ್‌ಬಾಗಲ್ಲಿ, ಲಾಲ್‌ಬಾಗಿಗೆ ಹೇಳಿಕೊಟ್ಟಿದ್ದು ಇಲ್ಲಿಂದ ಹೋದೋರೋ, ಇಲ್ಲಾ ನಮ್ಮ ಕುಂಬಾರರ ಮನೆ ಹತ್ರ ಮೊದಲಿಂದಾನೇ ಇದ್ದಿದ್ದೋ, ನನಗೆ ಎರಡೂ ಒಂದೇ.

ಸಾಯಂಕಾಲ ಮಳೆ ನಿಂತ ಮೇಲೆ ಒಂದು ಓಕ್ ಮರ ಹುಡುಕಿಕೊಂಡು ಹೋದ್ವಿ. 1987ರ ಅಕ್ಟೋಬರಲ್ಲಿ ಒಂದು ಬಿರುಗಾಳಿ ಬಂತು, ಒಂದೇ ರಾತ್ರಿ ಈ ತೋಟದಲ್ಲಿ 700 ಮರ ಹೋದವು. ಈ ಟರ್ನರ್ಸ್ ಓಕ್ ಮರವನ್ನ ಗಾಳಿ ಬೇರು ಸಮೇತ ಮೇಲೆತ್ತಿ ಮತ್ತೆ ಅದೇ ಗುಂಡಿಗೆ ಕೂರಿಸಿತು. ಹೆಂಗೂ ಸಾಯತ್ತೆ, ಬಿದ್ದಿರೋ ಮರಗಳ ಕೆಲಸ ಮುಗಿದ ಮೇಲೆ ಕಡಿಯೋಣ ಅಂತ ಆಸರೆ ಕೊಟ್ಟು ಬಿಟ್ರು. ಮೂರು ವರ್ಷದ ಮೇಲೆ ನೋಡಿದ್ರೆ ಮುಂಚೆಗಿಂತ ಚೆನ್ನಾಗಿ ಚಿಗುರಿತ್ತು! ಆಗ ಗೊತ್ತಾಗಿದ್ದು, ಜನ ತುಳಿದು ತುಳಿದು ಬುಡದ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರಾಡೋಕೆ ಆಗ್ತಿರಲಿಲ್ಲ, ಬಿರುಗಾಳಿ ಅಲ್ಲಾಡಿಸಿದ್ದಕ್ಕೆ ಮಣ್ಣು ಸಡಿಲ ಆಯ್ತು. ಆಮೇಲಿಂದ ಗಾಳಿ ಒತ್ತಡದಿಂದ ಬುಡದ ಮಣ್ಣು ಸಡಿಲ ಮಾಡೋದನ್ನ ಉಳಿದ ಹಳೇ ಮರಗಳಿಗೂ ಮಾಡೋಕೆ ಶುರು ಮಾಡಿದ್ರು.

ನಮ್ಮ ಬೆಂಗಳೂರಲ್ಲಿ ಮರದ ಕಾಂಡಕ್ಕೆ ತಾಗೋ ಹಾಗೆ ಕಾಂಕ್ರೀಟು, ಟೈಲ್ಸು ಹಾಕ್ತೀವಿ, ಮಳೆಗಾಲದಲ್ಲಿ ಮರ ಬಿದ್ದು ಕಾರ್ ಜಖಂ ಆದ್ರೆ ಮರದ ಮೇಲೆ ಬೈತೀವಿ. ನಮ್ಮ ಮನೆ ಬೀದಿಯ ಮಳೆಮರ ಹೀಗೇ ಹೋಯ್ತು, ಬಿದ್ದಾಗ ನೋಡಿದ್ರೆ ಆಳದ ಬೇರು ಅನ್ನೋದೇ ಇರಲಿಲ್ಲ, ತಟ್ಟೆ ಥರ ಚಪ್ಪಟೆ. ಕಾಂಡದ ಸುತ್ತ ನಾಲ್ಕು ಅಡಿ ಮಣ್ಣು ಬಿಡಿ ಸ್ವಾಮಿ, ದಯವಿಟ್ಟು. ನಿಮ್ಮ ಮನೆ ಮುಂದೆ ಕೆಲಸ ಆಗುವಾಗ ನಿಂತು ಕೇಳಿ ಬಿಡಿಸಿ.

ಮೂರನೇ ದಿನ, ಗುರುವಾರ

ಬಿಸಿಲು ಬಂತು, ಜನವೋ ಜನ. ಟೆಂಪರೇಟ್ ಹೌಸ್ ಅನ್ನೋ ಇನ್ನೊಂದು ಗಾಜಿನ ಮನೆ ಪಾಮ್ ಹೌಸಿನ ಎರಡರಷ್ಟಿದೆ. 1863ರಲ್ಲಿ ಬಾಗಿಲು ತೆಗೆದ್ರೂ ದುಡ್ಡಿನ ತೊಂದರೆಯಿಂದ ಪೂರ್ತಿ ಮುಗಿದಿದ್ದು 1899ಕ್ಕೆ. ತುಕ್ಕು ಹಿಡಿದಿತ್ತು ಅಂತ ಐದು ವರ್ಷ ಮುಚ್ಚಿ ರಿಪೇರಿ ಮಾಡಿ 2018ರಲ್ಲಿ ತೆರೆದ್ರು. ಗಿಡಗಳನ್ನ ಹೊರಗೆ ಸಾಗಿಸಿ, ಎಷ್ಟೋ ಗಿಡಗಳ ಕಟಿಂಗು ಬೀಜ ತೆಗೆದು ಹೊಸದಾಗಿ ಬೆಳೆಸಿ ವಾಪಸ್ ನೆಟ್ರು. ಒಳಗೆ ಸೆಕೆ ಇಲ್ಲ, ನಮ್ಮ ಬೆಂಗಳೂರಿನ ಡಿಸೆಂಬರ್ ಹವೆ.

ನಾನು ನೋಡೋಕೆ ಹೋಗಿದ್ದು ಒಂದೇ ಒಂದು ಗಿಡ, ಎನ್ಸೆಫಲಾರ್ಟಾಸ್ ವುಡಿಐ. ಇದೂ ಸೈಕಸ್ ಬಂಧು, ಇದರಲ್ಲಿ ಗಂಡು ಗಿಡ ಬೇರೆ ಹೆಣ್ಣು ಗಿಡ ಬೇರೆ. 1895ರಲ್ಲಿ ದಕ್ಷಿಣ ಆಫ್ರಿಕಾದ ಙೋಯೆ ಕಾಡಲ್ಲಿ ಜಾನ್ ಮೆಡ್ಲಿ ವುಡ್ ಅನ್ನೋರಿಗೆ ಒಂದು ಗಂಡು ಸಿಕ್ತು, ಅಷ್ಟೇ, ಮತ್ತೆ ಯಾರಿಗೂ ಎಲ್ಲೂ ಇನ್ನೊಂದು ಸಿಗಲೇ ಇಲ್ಲ. ಅದರ ಒಂದು ಮರಿ 1899ರಲ್ಲಿ ಇಲ್ಲಿಗೆ ಬಂತು. ನಾವು ಬಾಳೆ ಕಂದು ಕಿತ್ತು ನೆಡ್ತೀವಲ್ಲ ಹಾಗೆ ಬುಡದಲ್ಲಿ ಬರೋ ಮರಿ ತೆಗೆದು ತೆಗೆದು ಪ್ರಪಂಚದ ಬೇರೆ ಬೇರೆ ತೋಟಕ್ಕೆ ಕೊಟ್ಟಿದಾರೆ, ಎಲ್ಲಾ ಅದೇ ಒಂದು ಗಂಡಿನ ಮೈ. ಬೀಜ ಅನ್ನೋದು ಇಲ್ಲ. ಈಗಲೂ ಆ ಕಾಡಿನ ಮೇಲೆ ಡ್ರೋನ್ ಹಾರಿಸಿ ಹೆಣ್ಣು ಗಿಡ ಇದೆಯಾ ಅಂತ ಹುಡುಕ್ತಿದಾರೆ. ನಮ್ಮನೆಯವಳು ಪೂರ್ತಿ ಕೇಳಿ "ಪಾಪ, ನೂರಿಪ್ಪತ್ತು ವರ್ಷ ಒಂಟಿ" ಅಂದು ಬೇಲಿ ಆಚೆಯಿಂದಾನೇ ಸ್ವಲ್ಪ ಹೊತ್ತು ನೋಡ್ತಾ ನಿಂತ್ಲು. ಸಿಗಲಿ ಅಂತ ನಾನೂ ಬೇಡಿಕೊಂಡೆ.

ಒಳ್ಳೇದಾಗಿರೋ ಕಥೇನೂ ಇದೆ. ಮಾರಿಷಸ್ ಪಕ್ಕದ ರಾಡ್ರಿಗಸ್ ದ್ವೀಪದಲ್ಲಿ ಕೆಫೆ ಮರೋನ್ ಅಂತ ಒಂದು ಗಿಡ, ಕಾಫಿ ಕುಟುಂಬದ್ದು, ನಿರ್ವಂಶ ಆಯ್ತು ಅಂತಾನೇ ಎಲ್ಲರೂ ಅಂದ್ಕೊಂಡಿದ್ರು, ಸ್ಕೂಲ್ ಹುಡುಗ ಒಬ್ಬ ರಸ್ತೆ ಬದಿಯಲ್ಲಿ ಒಂದು ಗಿಡ ಕಂಡುಹಿಡಿದ. 1986ರಲ್ಲಿ ಅದರ ಕಡ್ಡಿ ಕ್ಯೂಗೆ ಬಂತು, ಬೇರು ಬಿಟ್ಟಿತು, ವರ್ಷ ವರ್ಷ ಹೂ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. ಕೊನೆಗೆ ಆ ತಾವರೆಯ ಮ್ಯಾಗ್ಡಲೇನಾ ಅವರೇ ಹೂವಿನ ನಡುವೆ ಪರಾಗ ಹಿಡಿಯೋ ಕಡ್ಡಿ, ಶಲಾಕೆ, ಅದರ ತುದಿ ಕತ್ತರಿಸಿ ಅಲ್ಲಿ ಪರಾಗ ಹಚ್ಚಿ ಹಚ್ಚಿ ಕಾಯಿ ಕಟ್ಟಿಸಿದ್ರು. ಗಿಡಗಳು ವಾಪಸ್ ಆ ದ್ವೀಪಕ್ಕೂ ಹೋದವು.

ಹೊರಗೆ ಪಗೋಡ ಇದೆ, 1762ರದ್ದು, ಹತ್ತು ಅಂತಸ್ತು, 253 ಮೆಟ್ಟಿಲು, ಮೂಲೆ ಮೂಲೆಗೆ ಒಟ್ಟು 80 ಡ್ರ್ಯಾಗನ್. ಮಂಡಿ ನೋವು, ನಾವು ಕೆಳಗಿಂದಾನೇ ನೋಡಿದ್ವಿ.

ನಾಲ್ಕನೇ ದಿನ, ಶುಕ್ರವಾರ

ಮೊದಲು ಮೇರಿಯನ್ ನಾರ್ತ್ ಗ್ಯಾಲರಿ, ಮಗಳು ನೋಡಲೇಬೇಕು ಅಂದಿದ್ಲು. ಆ ಹೆಣ್ಣುಮಗಳು ಒಬ್ಬರೇ ಪ್ರಪಂಚ ಸುತ್ತಿ ಗಿಡ ಮರಗಳ ಚಿತ್ರ ಬರೆದ್ರು, ಭಾರತಕ್ಕೂ 1877ರಲ್ಲಿ ಬಂದು ವರ್ಷಕ್ಕಿಂತ ಹೆಚ್ಚು ಓಡಾಡಿದ್ರು. ಈ ಕಟ್ಟಡ ತಾವೇ ಕಟ್ಟಿಸಿ 1882ರಲ್ಲಿ ತೆರೆದ್ರು, 800ಕ್ಕೂ ಹೆಚ್ಚು ಚಿತ್ರ ಗೋಡೆ ತುಂಬಾ ಒಂದಕ್ಕೊಂದು ತಾಗೋ ಹಾಗೆ, ಬೆರಳು ತೂರಿಸೋಕೆ ಜಾಗ ಇಲ್ಲ. ಫೋಟೋದಲ್ಲಿ ಸಿಗದೇ ಇರೋ ಬಣ್ಣಗಳು.

ಆಮೇಲೆ ತೋಟದಲ್ಲಿ ಸುಮ್ನೆ ಅಡ್ಡಾಡ್ತಾ ನಾನು ಕೃಂಬಿಗಲ್ ಅವರನ್ನ ನೆನೆಸ್ಕೊಂಡೆ. ಜರ್ಮನಿಯ ಡ್ರೆಸ್ಡೆನ್ ಹತ್ರ 1865ರಲ್ಲಿ ಹುಟ್ಟಿ, 1888ರಲ್ಲಿ ಇಂಗ್ಲೆಂಡಿಗೆ ಬಂದು ಇಲ್ಲಿ ಕೆಲಸಕ್ಕೆ ಸೇರಿದ್ರು, ಆಗ ಇಪ್ಪತ್ತೆರಡು ಇಪ್ಪತ್ಮೂರು ವರ್ಷ, ಮೊನ್ನೆ ನೀರು ಹಾಕ್ತಿದ್ದ ಹುಡುಗಿ ವಯಸ್ಸು. ಇಲ್ಲಿಂದ 1893ರಲ್ಲಿ ಬರೋಡಕ್ಕೆ, 1908ರಲ್ಲಿ ನಾಲ್ವಡಿಯವರು ಕರೆಸಿಕೊಂಡು ಲಾಲ್‌ಬಾಗಿಗೆ. ವರ್ಷದ ಯಾವ ತಿಂಗಳಲ್ಲೂ ಊರಲ್ಲಿ ಯಾವುದಾದ್ರೂ ಒಂದು ಮರ ಹೂ ಬಿಟ್ಟಿರಬೇಕು ಅಂತ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿ ನೆಡಿಸಿದ್ರು, 1956ರಲ್ಲಿ ಬೆಂಗಳೂರಲ್ಲೇ ಮಣ್ಣಾದ್ರು. ಅವರಿಗಿಂತ ಮುಂಚಿನ ಕ್ಯಾಮರಾನ್ ತಂದ ಸೀಮೆಬದನೆ ನಾವು ವಾರಕ್ಕೊಂದು ಸಲ ಹುಳಿಗೆ ಹಾಕ್ತೀವಿ, ತಮಿಳರು ಅದಕ್ಕೆ ಬೆಂಗಳೂರು ಕತ್ತರಿಕಾಯಿ ಅಂತಾನೇ ಅನ್ನೋದು. ಅವರ ಕಾಲದಲ್ಲೇ 1889ರಲ್ಲಿ ನಮ್ಮ ಗಾಜಿನ ಮನೆಗೆ ಕಲ್ಲು ಹಾಕಿದ್ದು. ನಮ್ಮ ಗಾಜಿನ ಮನೆಗೆ ಬಾಯ್ಲರ್ ಬೇಕಾಗಲಿಲ್ಲ, ಗಾಳಿ ಆಡೋ ಹಾಗೆ ತೆರೆದೇ ಇದೆ, ಫ್ಲವರ್ ಶೋಗೆ.

ಇನ್ನೊಂದು ವಿಷಯಾನೂ ಹೇಳಬೇಕು. ಇಲ್ಲಿಂದ ಗಿಡ ಹಂಚಿದ್ದರ ಹಿಂದೆ ಸಾಮ್ರಾಜ್ಯದ ಲೆಕ್ಕಾಚಾರ ಇತ್ತು. 1876ರಲ್ಲಿ ಹೆನ್ರಿ ವಿಕಮ್ ಬ್ರೆಜಿಲಿಂದ 70,000 ರಬ್ಬರ್ ಬೀಜ ತಂದ, ಇಲ್ಲಿ ಮೊಳೆತಿದ್ದು ಮೂರು ಸಾವಿರಾನೂ ಇಲ್ಲ, ಆ ಸಸಿಗಳನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಿಲೋನಿಗೆ ಸಿಂಗಾಪುರಕ್ಕೆ ಕಳಿಸಿದ್ರು. ಸುಳ್ಯ ಪುತ್ತೂರಲ್ಲಿ ಇವತ್ತು ಹಾಲು ಸುರಿಸೋ ಮರಗಳ ಮೂಲ ಅಲ್ಲಿಗೆ ಹೋಗತ್ತೆ. ಬ್ರೆಜಿಲಿನ ಕಾಡಿನ ಜನಕ್ಕೆ ಅದರಿಂದ ಏನು ಬಂತು? ಗಿಡ ಕೊಟ್ಟ ಊರಿಗೂ ಪಾಲು ಸಿಗಬೇಕಿತ್ತು ಅಂತ ನನಗೆ ಅನ್ಸತ್ತೆ.

ಹೊರಡೋ ಮುಂಚೆ ಮತ್ತೊಂದು ಸಲ ಪಾಮ್ ಹೌಸ್. 1879ರಲ್ಲಿ ಆಲಿಕಲ್ಲು ಬಿದ್ದು ಈ ತೋಟದ ಗಾಜಿನ ಮನೆಗಳಲ್ಲಿ 38,000ಕ್ಕೂ ಹೆಚ್ಚು ಗಾಜು ಒಡೆದಿತ್ತು ಅಂತ ಹಿಂದಿನ ರಾತ್ರಿ ಓದಿದ್ದೆ, ಅದಕ್ಕೇ ಛಾವಣಿ ನೋಡ್ತಾ ನಿಂತೆ. ಅಷ್ಟು ಗಾಜು ಒಡೆದ ಮಾರನೇ ದಿನ ಬೆಳಗ್ಗೆ ಇಲ್ಲಿನ ಮಾಲಿಗಳು ಎಲ್ಲಿಂದ ಶುರು ಮಾಡಿರಬೇಕು.

ಬಸ್ ಸ್ಟಾಪಲ್ಲಿ ನಿಂತು ತಮ್ಮನ ಮಗನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ, ಜೋರು ಗಾಳಿ ಮಳೆಯಂತೆ, ಆಂಥೂರಿಯಂ ಮೇಲಿನ ಶೇಡ್ ನೆಟ್ ಒಂದು ಮೂಲೆ ಕಿತ್ಕೊಂಡಿದೆ, ಟಾರ್ಚ್ ಹಿಡ್ಕೊಂಡು ಕಟ್ತಾ ಇದೀನಿ ದೊಡ್ಡಪ್ಪ ಅಂದ. ಕುಂಡ ಎಲ್ಲಾ ಒಳಕ್ಕೆ ಸರಿಸು, ಬೆಳಗ್ಗೆ ಒಂದೊಂದೇ ಎತ್ತಿ ತೂಕ ನೋಡು, ನೀರು ನಿಂತಿದ್ರೆ ಬಗ್ಗಿಸಿ ಚೆಲ್ಲು ಅಂದೆ. ಒಂದೊಂದೇನಾ, ಎಂಟುನೂರು ಇದೆ ದೊಡ್ಡಪ್ಪ ಅಂದ. ಒಂದೊಂದೇ ಕಣಪ್ಪ ಅಂದೆ. ಅಷ್ಟರಲ್ಲಿ 65 ಬಂತು.